ಕ್ಯೂಬ್ ಪಾಸಾಯಿತು, ಬಾಲ್ಕನಿ ಬಾಗಿತು: ಕಾಂಕ್ರೀಟಿನ ನಿಧಾನ ಚಲನೆ ಕುರಿತು ಓದುಗರ ಪ್ರಶ್ನೆಗಳು

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರಿನವು: ಕಾಂಕ್ರೀಟ್ ಒಳ್ಳೆಯದೇ, ಗ್ರೇಡ್ ದೊಡ್ಡದೇ, ಆದರೂ ಬಾಗಿತು ಅಥವಾ ಬಿರಿಯಿತು. ಕ್ಯೂಬ್ ಟೆಸ್ಟ್ ಹೇಳುವ 28ನೇ ದಿನದ ಬಲ (ಎಂ25, ಎಂ40 ಎಂಬ ಗ್ರೇಡ್ ಇದರದೇ ಹೆಸರು) ಬೇರೆ, ವರ್ಷಗಳ ಮೇಲಿನ ಆಕಾರ ಬದಲಾವಣೆ ಬೇರೆ. ಎರಡನ್ನೂ ಒಂದೇ ರಿಪೋರ್ಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಪ್ರಶ್ನೆ: ಹೋಂಸ್ಟೇಗೆಂದು ಕಟ್ಟಿದ ಮಾಳಿಗೆಯಲ್ಲಿ ಬಾಲ್ಕನಿ ಗೋಡೆಯಿಂದ ಆರು ಅಡಿ ಹೊರಚಾಚಿದೆ. ಮೋಲ್ಡ್ ಆರು ಇಂಚು ದಪ್ಪ. ಎಂ40 ರೆಡಿಮಿಕ್ಸ್ ಹಾಕಿಸಿದ್ದೆವು, ಕ್ಯೂಬ್ ಟೆಸ್ಟ್ ಕೂಡ ಪಾಸಾಗಿದೆ. ಆದರೂ ಮೂರು ವರ್ಷದಲ್ಲಿ ತುದಿ ಮುಕ್ಕಾಲು ಇಂಚಿನಷ್ಟು ತಗ್ಗಿದೆ. ಮಳೆನೀರು ರೇಲಿಂಗ್ ಪಕ್ಕ ನಿಲ್ಲುತ್ತದೆ. ಮೇಲೆ ಗಾರೆ ಹಾಕಿ ಮಟ್ಟ ಸರಿಮಾಡಿಸಲೇ?
– ಕಾಫಿ ಬೆಳೆಗಾರರು, ಸಿದ್ದಾಪುರ

ಉತ್ತರ: ಗಾರೆ ಮಾತ್ರ ಬೇಡ. 50 ಮಿ.ಮೀ. ಗಾರೆ ಹಾಕಿದರೆ ಪ್ರತಿ ಚದರ ಮೀಟರಿಗೆ ಸುಮಾರು 100 ಕೆ.ಜಿ. ಭಾರ ಕೂಡುತ್ತದೆ. ಅದು ಹಗಲು ರಾತ್ರಿ ಇಳಿಯದ ಭಾರ, ತುದಿ ಇನ್ನಷ್ಟು ತಗ್ಗಲು ಅದೇ ಕಾರಣವಾಗುತ್ತದೆ. ನೀರು ಈಗ ಎಲ್ಲಿಗೆ ಹರಿಯುತ್ತಿದೆಯೋ ಅಲ್ಲೇ ಕೊಳವೆ ಇಡಿಸಿ ಹೊರಗೆ ಬಿಡಿ.

ಭಾರ ಹೊತ್ತ ಕಾಂಕ್ರೀಟ್ ಮೊದಲ ಕ್ಷಣ ಸ್ವಲ್ಪ ಬಾಗುತ್ತದೆ. ಆಮೇಲೆ ಭಾರ ಹೆಚ್ಚದಿದ್ದರೂ ಬಾಗು ಹೆಚ್ಚುತ್ತಲೇ ಹೋಗುತ್ತದೆ, ಕಾಫಿ ಮೂಟೆ ಹೊತ್ತ ಅಟ್ಟದ ಹಲಗೆಯ ಹಾಗೆ. ಇದಕ್ಕೆ ಕ್ರೀಪ್ ಎನ್ನುತ್ತಾರೆ. ಸಿಮೆಂಟ್ ನೀರಿನೊಂದಿಗೆ ಕೂಡಿ ಆದ ಅಂಟಿನಲ್ಲಿ (ಜೆಲ್) ಪದರಗಳು ಒಂದರ ಮೇಲೊಂದು ಜಾರುವುದು, ನಡುವಿನ ನೀರು ಸರಿಯುವುದು ಇದರ ಮೂಲ. ಜೆಲ್ಲಿಕಲ್ಲು ಜಾರುವುದಿಲ್ಲ, ಅಂಟು ಜಾರುತ್ತದೆ. ಅಂಟು ಇನ್ನೂ ಎಳೆಯದಾಗಿದ್ದಾಗ ಭಾರ ಬಿದ್ದರೆ ಜಾರುವಿಕೆ ಹೆಚ್ಚು. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಕೋಡ್ ಐಎಸ್ 456:2000 ಕೊಡುವ ಕ್ರೀಪ್ ಗುಣಾಂಕ 7ನೇ ದಿನ ಭಾರ ಹೊರಿಸಿದರೆ 2.2, 28ನೇ ದಿನವಾದರೆ 1.6, ಒಂದು ವರ್ಷದ ಮೇಲೆ 1.1. ಅಂದರೆ ಮೊದಲ ಕುಗ್ಗು 1 ಆಗಿದ್ದರೆ ಏಳು ದಿನದ ಕಾಂಕ್ರೀಟಿನಲ್ಲಿ ಅದರ ಮೇಲೆ ಇನ್ನೂ 2.2 ಸೇರುತ್ತದೆ. ಸ್ಲ್ಯಾಬಿನಲ್ಲಿ ಕಂಬಿಯೂ ಪಾಲು ಹೊರುವುದರಿಂದ ಬಾಗು ಇಷ್ಟೇ ಪಟ್ಟು ಬೆಳೆಯುವುದಿಲ್ಲ, ಆದರೆ ದಿಕ್ಕು ಇದೇ.

ಎಂ40 ಇಲ್ಲಿ ನಿಮ್ಮನ್ನು ಉಳಿಸಲಿಲ್ಲ ಏಕೆ? ಬಾಗನ್ನು ತಡೆಯುವುದು ಕಾಂಕ್ರೀಟಿನ ಬಲವಲ್ಲ, ಬಿಗಿ. ಅದು ಬಲದ ವರ್ಗಮೂಲದ ಲೆಕ್ಕದಲ್ಲಷ್ಟೇ ಏರುತ್ತದೆ. ಎಂ25ರಿಂದ ಎಂ60ಕ್ಕೆ ಹೋದರೆ ಬಲ 2.4 ಪಟ್ಟು, ಬಿಗಿ ಮಾತ್ರ 25,000ದಿಂದ ಸುಮಾರು 38,700 ನ್ಯೂಟನ್/ಚ.ಮಿ.ಮೀ.ಗೆ, ಅಂದರೆ ಒಂದೂವರೆ ಪಟ್ಟು. ದಪ್ಪದ ಲೆಕ್ಕ ಬೇರೆಯೇ. ಹೊರಚಾಚಿನ ಉದ್ದವನ್ನು 7ರಿಂದ ಭಾಗಿಸಿದಷ್ಟು ಪರಿಣಾಮಕಾರಿ ಆಳ (ಮುಖ್ಯ ಕಂಬಿಯಿಂದ ಎದುರು ಮುಖದವರೆಗಿನ ದಪ್ಪ) ಇರಲಿ ಎನ್ನುತ್ತದೆ ಅದೇ ಕೋಡ್. 1800 ಮಿ.ಮೀ.ಗೆ ಅದು 257 ಮಿ.ಮೀ. ಕಂಬಿಯ ಪ್ರಮಾಣ ನೋಡಿ ಸ್ವಲ್ಪ ಹೆಚ್ಚುಕಡಿಮೆ ಮಾಡಬಹುದು. ನಿಮ್ಮ ಆರು ಇಂಚಿನ ಮೋಲ್ಡಿನಲ್ಲಿ ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ಹೊದಿಕೆ) ಕಳೆದರೆ ಉಳಿಯುವುದು 125. ಗ್ರೇಡಿನ ಮಾತು ಬರುವ ಮೊದಲೇ ಲೆಕ್ಕ ತಪ್ಪಿದೆ. ಅಂತಿಮ ಬಾಗು ಉದ್ದದ 250ನೇ ಒಂದು ಭಾಗ ಮೀರಬಾರದು. ನಿಮಗೆ ಅದು 7.2 ಮಿ.ಮೀ., ಆಗಿರುವುದು 19.

ಇದರ ಜೊತೆ ಮೇಸ್ತ್ರಿಗಳೆಲ್ಲ ಬಲ್ಲ ಒಂದು ಸಂಗತಿಯಿದೆ. ಬಾಲ್ಕನಿಯ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟ್ ಸುರಿಯುವಾಗ ಅದರ ಮೇಲೆ ಓಡಾಡಿ ತುಳಿದು ಕೆಳಗಿಳಿಸುತ್ತಾರೆ. 125ರಲ್ಲಿರಬೇಕಾದ ಕಂಬಿ 100ಕ್ಕೆ ಇಳಿದರೆ ಬಿರುಕುಬಿಟ್ಟ ಸ್ಲ್ಯಾಬಿನ ಬಿಗಿಯಲ್ಲಿ ಸುಮಾರು ಮೂರನೇ ಒಂದು ಭಾಗ ಹೋದ ಹಾಗೆ. ಕಂಬಿ ಎತ್ತಿಹಿಡಿಯುವ ಚೇರುಗಳನ್ನು ಮೀಟರಿಗೊಂದರಂತೆ ಇಟ್ಟು, ಓಡಾಡಲು ಹಲಗೆ ಹಾಕಿದ್ದರೆ ಸಾಕಿತ್ತು. ಕವರ್ ಮೀಟರ್ ಇರುವವರನ್ನು ಕರೆಸಿ ಗೋಡೆಯ ಹತ್ತಿರ ಕಂಬಿ ಎಷ್ಟು ಆಳದಲ್ಲಿದೆ ಎಂದು ನೋಡಿಸಿ.

ಇನ್ನು ಕುಗ್ಗುವಿಕೆಯ ಪಾಲು. ಕಾಂಕ್ರೀಟ್ ಒಣಗಿ ಕುಗ್ಗುವಾಗ ಕಂಬಿಯಿರುವ ಮೇಲ್ಭಾಗ ತಡೆಯುತ್ತದೆ, ಕಂಬಿಯಿಲ್ಲದ ಕೆಳಭಾಗ ಕುಗ್ಗುತ್ತದೆ, ತುದಿ ಕೆಳಗೆ ಹೋಗುತ್ತದೆ. ನಿಮ್ಮ ಅಳತೆಗೆ, ಮೇಲೆ 0.6% ಕಂಬಿ, ಕುಗ್ಗುವಿಕೆ 0.0003 ಎಂದು ಹಿಡಿದರೆ ಇದರಿಂದಲೇ 1.8 ಮಿ.ಮೀ. ಕೆಳಗೂ 0.3% ಕಂಬಿ ಕಟ್ಟಿದ್ದರೆ 0.9. ಹೊಸದಾಗಿ ಕಟ್ಟಿಸುವವರಿಗೆ ಈ ಕೆಳಕಂಬಿ ಅಗ್ಗದ ವಿಮೆ. ಕ್ರೀಪನ್ನೂ ಅದು ತಡೆಯುತ್ತದೆ.

ಈಗ ಮಾಡಬೇಕಾದದ್ದು: ಟ್ಯೂಬ್ ಲೆವೆಲ್ಲಿನಿಂದ ಗೋಡೆಯ ಮೇಲೆ, ತುದಿಯಲ್ಲಿ ಗುರುತು ಮಾಡಿ, ತಿಂಗಳಿಗೊಮ್ಮೆ ಬೆಳಗ್ಗೆ ಒಂದೇ ಹೊತ್ತಿಗೆ ಅಳೆಯಿರಿ. ಬಿಸಿಲೇರಿದ ಮೇಲೆ ಅಳೆದರೆ ಲೆಕ್ಕ ಕೆಡುತ್ತದೆ. ಕ್ರೀಪ್ ಆದರೆ ತಿಂಗಳಿಂದ ತಿಂಗಳಿಗೆ ವೇಗ ಇಳಿಯಬೇಕು. ಒಂದೇ ವೇಗದಲ್ಲಿ ನಡೆಯುತ್ತಿದ್ದರೆ, ಗೋಡೆ ಸೇರುವಲ್ಲಿ ಮೇಲೆ ಉದ್ದದ ಬಿರುಕು ಕಂಡರೆ, ಅಲ್ಲಿ ತುಕ್ಕಿನ ಕಲೆ ಇಳಿದಿದ್ದರೆ, ಅಂದೇ ಅತಿಥಿಗಳನ್ನು ಅಲ್ಲಿಗೆ ಬಿಡುವುದು ನಿಲ್ಲಿಸಿ, ಕೆಳಗೆ ಜಾಕಿ ಕೊಟ್ಟು, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ನಿಮ್ಮ ಕಡೆಯ ಮಳೆಯಲ್ಲಿ ಮೇಲಿನ ಬಿರುಕಿನಿಂದ ನೀರಿಳಿದು ಕಂಬಿ ತಿನ್ನುವುದೇ ದೊಡ್ಡ ಅಪಾಯ. ತುದಿಗೆ ಶಾಶ್ವತ ಕಂಬ ಕೊಡುವುದಾದರೆ ಆನಿಸಿ ನಿಲ್ಲಿಸಬೇಕೇ ಹೊರತು ಜಾಕಿಯಿಂದ ಎತ್ತಬಾರದು. ಎತ್ತಿದರೆ ಕಂಬಿಯಿಲ್ಲದ ಕೆಳಭಾಗ ಬಿರಿಯುತ್ತದೆ.

ಪ್ರಶ್ನೆ: ಸೆಂಟ್ರಿಂಗ್ ಸಾಮಾನಿನ ಬಾಡಿಗೆ ಏರಿದೆ. ಹೈ ಗ್ರೇಡ್ ಕಾಂಕ್ರೀಟ್ ಬೇಗ ಗಟ್ಟಿಯಾಗುತ್ತದಲ್ಲ, ಐದನೇ ದಿನಕ್ಕೆ ಜಾಕಿ ತೆಗೆದು ಮೇಲಿನ ಮಾಳಿಗೆಗೆ ಹಾಕಬಹುದೇ?
– ಗುತ್ತಿಗೆದಾರರು, ಸೋಮವಾರಪೇಟೆ

ಉತ್ತರ: ಬೇಡ. ಬೀಳದಿದ್ದರೂ ಬಾಗುತ್ತದೆ. ಕೋಡ್ ಪ್ರಕಾರ 4.5 ಮೀಟರ್ ವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14. ಬೀಮಿಗೆ 6 ಮೀಟರ್ ವರೆಗೆ 14, ಮೇಲ್ಪಟ್ಟರೆ 21. ಇವು ಮಾಮೂಲಿ ಓಪಿಸಿ ಸಿಮೆಂಟಿಗೆ, ವಾತಾವರಣದ ಉಷ್ಣತೆ 15 ಡಿಗ್ರಿಗಿಂತ ಕೆಳಗೆ ಇಳಿಯದಿದ್ದಾಗ. ಹುತ್ತರಿ ಕಳೆದ ಮೇಲಿನ ಚಳಿಯಲ್ಲಿ ನಿಮ್ಮ ರಾತ್ರಿಗಳು ಅದಕ್ಕಿಂತ ತಂಪು. ಸಿಮೆಂಟೂ ಹೆಚ್ಚಾಗಿ ನಿಧಾನವಾಗಿ ಬಲ ಪಡೆಯುವ ಪಿಪಿಸಿಯೇ. ದಿನ ಹೆಚ್ಚಿಸಿ.

ಎಲ್ಲರೂ ಮರೆಯುವ ಭಾರವೊಂದಿದೆ. ಮೇಲಿನ ಮಾಳಿಗೆಯ ಆರು ಇಂಚು ಹಸಿ ಕಾಂಕ್ರೀಟು ಚದರ ಮೀಟರಿಗೆ ಸುಮಾರು 375 ಕೆ.ಜಿ. ತೂಗುತ್ತದೆ, ಶಟರಿಂಗ್, ಆಳುಗಳ ಭಾರ ಬೇರೆ. ವಾಸದ ಮನೆಗೆ ಲೆಕ್ಕ ಹಿಡಿಯುವ ಚಲ ಭಾರ (ಜನ, ಸಾಮಾನು) ಸುಮಾರು 200 ಕೆ.ಜಿ. ಅಷ್ಟೆ. ಅಂದರೆ ಕೆಳಗಿನ ಸ್ಲ್ಯಾಬು ತನ್ನ ಆಯುಸ್ಸಿನ ಅತಿ ದೊಡ್ಡ ಭಾರವನ್ನು ಎರಡು ಮೂರು ವಾರದ ಕೂಸಾಗಿದ್ದಾಗಲೇ ಹೊರುತ್ತದೆ. ಆಗ ಬಿಟ್ಟ ಕೂದಲೆಳೆ ಬಿರುಕಿನಿಂದ ಹೋದ ಬಿಗಿ ಮರಳಿ ಬರುವುದಿಲ್ಲ. ಮುಂದಿನ ಕ್ರೀಪೆಲ್ಲ ಆ ಬಿರುಕುಬಿಟ್ಟ ಸ್ಲ್ಯಾಬಿನ ಮೇಲೆ. ಅದಕ್ಕೇ ಎರಡು ಅಂತಸ್ತಿನಲ್ಲಿ ಜಾಕಿ ಇರಲಿ, ಮೇಲಿನದು ಕೆಳಗಿನದರ ನೇರಕ್ಕೆ. ಹಲಗೆ ಬೇಕೇಬೇಕು ಎಂದಾದರೆ ಮೂರು ದಿನದ ಮೇಲೆ ಒಂದೊಂದೇ ಪಟ್ಟಿ ಬಿಚ್ಚಿ ಕೂಡಲೇ ಜಾಕಿ ಮತ್ತೆ ಕೊಡಬಹುದು. ಇಡೀ ಕೋಣೆಯದನ್ನು ಒಟ್ಟಿಗೆ ಬಿಚ್ಚಿ ಆಮೇಲೆ ಕೊಟ್ಟ ಜಾಕಿ ಬರೀ ತೋರಿಕೆಗೆ. ಬಿಚ್ಚುವಾಗ ಸ್ಲ್ಯಾಬಾದರೆ ನಡುವಿನಿಂದ ಬದಿಗೆ, ಬಾಲ್ಕನಿಯಾದರೆ ತುದಿಯಿಂದ ಗೋಡೆಗೆ.

ಪ್ರಶ್ನೆ: ಗುಡ್ಡದ ಬರೆ ಕಡಿದ ಜಾಗಕ್ಕೆ ಎಂ60 ಹೈ ಪರ್ಫಾರ್ಮೆನ್ಸ್ ಕಾಂಕ್ರೀಟಿನ ತಡೆಗೋಡೆ ಹಾಕಿದೆವು. ಉದ್ದ 14 ಮೀಟರ್, ದಪ್ಪ 300 ಮಿ.ಮೀ. ಘನ ಮೀಟರಿಗೆ ಒಟ್ಟು ಬೈಂಡರ್ (ಸಿಮೆಂಟೂ ಜೊತೆಯ ಪುಡಿಗಳೂ) 480 ಕೆ.ಜಿ., ಅದರಲ್ಲಿ ಸಿಲಿಕಾ ಫ್ಯೂಮ್ ಎಂಬ ಅತಿ ನಯವಾದ ಪುಡಿ 10%, ನೀರಿನ ಅನುಪಾತ 0.28. ಮಾರನೇ ಬೆಳಗ್ಗೆ ಶಟರ್ ಬಿಚ್ಚಿ, ಮೂರನೇ ದಿನದಿಂದ ಗೋಣಿಚೀಲ ಹೊದಿಸಿ ನೀರು ಹಾಕಿದೆವು. ವಾರದೊಳಗೆ ಎರಡೂವರೆ ಮೀಟರಿಗೊಂದರಂತೆ ಬುಡದಿಂದ ನೆಟ್ಟಗೆ ಬಿರುಕು. ಆಗ ಕಕ್ಕಡದ ಮಳೆ, ಗಾಳಿಯಲ್ಲೇ ನೀರಿತ್ತು. ಒಣಗದೆ ಕುಗ್ಗಿದ್ದು ಹೇಗೆ?
– ಸೈಟ್ ಎಂಜಿನಿಯರ್, ಮಡಿಕೇರಿ

ಉತ್ತರ: ಒಣಗಿದೆ, ಹೊರಗಿನಿಂದಲ್ಲ, ಒಳಗಿನಿಂದ. ಸಿಮೆಂಟ್ ಪೂರ್ತಿ ಕೂಡಿಕೊಳ್ಳಲು ಅದರ ತೂಕದ ಸುಮಾರು 0.42 ಪಾಲು ನೀರು ಬೇಕು. 0.28 ಕೊಟ್ಟರೆ ಅದು ತನ್ನದೇ ಸೂಕ್ಷ್ಮ ರಂಧ್ರಗಳ ನೀರನ್ನು ಹೀರುತ್ತದೆ. ಅರ್ಧ ಬರಿದಾದ ರಂಧ್ರಗಳಲ್ಲಿ ಉಳಿದ ನೀರು ಗೋಡೆಗಳನ್ನು ಒಳಕ್ಕೆಳೆಯುತ್ತದೆ. ಇದು ಆಟೋಜೀನಸ್ ಕುಗ್ಗುವಿಕೆ. ಹೊರಗೆ ಕಕ್ಕಡವಿರಲಿ, ಕಡು ಬೇಸಿಗೆಯಿರಲಿ, ಅದಕ್ಕೆ ಒಂದೇ. ಸಿಲಿಕಾ ಫ್ಯೂಮ್ ರಂಧ್ರಗಳನ್ನು ಇನ್ನೂ ಸಣ್ಣದು ಮಾಡುವುದರಿಂದ ಎಳೆತ ಹೆಚ್ಚು. ಐಎಸ್ 1343:2012 ಕೋಡಿನ ಪಟ್ಟಿಯಲ್ಲಿ ಈ ಕುಗ್ಗುವಿಕೆ ಎಂ30ಕ್ಕೆ ಉದ್ದದ ದಶಲಕ್ಷಕ್ಕೆ 35 ಪಾಲು, ಎಂ60ಕ್ಕೆ 95. ನಿಮ್ಮಂಥ ಮಿಶ್ರಣದಲ್ಲಿ ಇದಕ್ಕೂ ಬಹಳ ಹೆಚ್ಚು ಬರುವುದುಂಟು. ಮೊದಲ ವಾರದಲ್ಲೇ ಅದರಲ್ಲಿ ಸುಮಾರು ಐದನೇ ಎರಡು ಭಾಗ ಮುಗಿಯುತ್ತದೆ. ಮಾಮೂಲಿ ಕಾಂಕ್ರೀಟ್ ತಿಂಗಳುಗಟ್ಟಲೆ ಒಣಗುತ್ತಾ ಕುಗ್ಗಿದರೆ, ಈ ಜಾತಿಯದು ಕುಗ್ಗುವ ಕೆಲಸದ ದೊಡ್ಡ ಪಾಲನ್ನು ಇನ್ನೂ ಬಲ ಬಾರದ ಹೊತ್ತಿನಲ್ಲಿ ಮುಗಿಸುತ್ತದೆ.

ಕೆಳಗೆ ಗಟ್ಟಿಯಾದ ಫುಟಿಂಗ್ ಅಲುಗಾಡುವುದಿಲ್ಲ, ಮೇಲಿನ ಗೋಡೆ ಕುಗ್ಗಲು ಹೊರಟಿದೆ. ಬಿರುಕು ಬುಡದಿಂದಲೇ ಎದ್ದಿರುವುದಕ್ಕೆ ಇದೇ ಕಾರಣ. ಇದಕ್ಕೆ ಶಾಖವೂ ಸೇರಿದೆ. 480 ಕೆ.ಜಿ. ಬೈಂಡರ್ ಒಳಗೆ ಕಾದಿರುವಾಗ ಮಂಜಿನ ಬೆಳಗ್ಗೆ ಶಟರ್ ಬಿಚ್ಚಿದಿರಿ. 20 ಡಿಗ್ರಿ ಇಳಿದರೂ ದಶಲಕ್ಷಕ್ಕೆ 200ರಷ್ಟು ಕುಗ್ಗುತ್ತದೆ. ಅಷ್ಟು ಎಳೆಯ ಕಾಂಕ್ರೀಟ್ ತಾಳುವ ಎಳೆತ ಸುಮಾರು 100. ಮೂರನೇ ದಿನ ಹಾಕಿದ ನೀರು ಮೇಲಿನ ಪೊರೆ ದಾಟಿ ಒಳಗೆ ಹೋಗಿರಲಿಕ್ಕಿಲ್ಲ. ಆ ಹೊತ್ತಿಗೆ ರಂಧ್ರಗಳ ದಾರಿ ಮುಚ್ಚಿರುತ್ತದೆ. ಕ್ಯೂರಿಂಗ್ ಕಾಂಪೌಂಡ್ ಬಳಿದಿದ್ದರೂ ಇದೇ ಪಾಡು. ಅದು ನೀರು ಹೊರಹೋಗದಂತೆ ತಡೆಯುತ್ತದೆ, ಒಳಗೆ ಸಾಲದ ನೀರನ್ನು ತಂದುಕೊಡುವುದಿಲ್ಲ.

ಮುಂದಿನ ಗೋಡೆಗೆ: ಮೊದಲು ಎಂ60 ಬೇಕೇ ಎಂದು ಕೇಳಿಕೊಳ್ಳಿ. ತಡೆಗೋಡೆಯನ್ನು ಉಳಿಸುವುದು ದಪ್ಪ, ಬುಡದ ಅಗಲ, ಹಿಂದಿನ ನೀರು ಇಳಿಯುವ ಕಿಂಡಿಗಳು. ಬಹುತೇಕ ಕಡೆ ಎಂ30, ಎಂ35 ಧಾರಾಳ ಸಾಕು. ಎಂ60ಯೇ ಆಗಬೇಕೆಂದಿದ್ದರೆ ನೀರಿನ ಅನುಪಾತವನ್ನು ಅಗತ್ಯಕ್ಕಿಂತ ಕೆಳಗೆ ಇಳಿಸಬೇಡಿ, ಸಿಲಿಕಾ ಫ್ಯೂಮ್ 5%ಗೆ ಇಳಿಸಿ, 20–25% ಹಾರುಬೂದಿ ಸೇರಿಸಿ. ತುಂಬ ನಯವಾಗಿ ಅರೆದ ಸಿಮೆಂಟ್ ಬೇಡ. ಶಟರನ್ನು ಮೂರು ನಾಲ್ಕು ದಿನ ಬಿಡಿ, ಆದರೆ ಮೇಲ್ತುದಿ ಕೈಗೆ ಗಟ್ಟಿಯಾದ ಕೂಡಲೇ ಅಲ್ಲಿ ನೀರು ನಿಲ್ಲುವಂತೆ ಮಾಡಿ. ಮಾರನೇ ದಿನ ಬೋಲ್ಟ್ ಸ್ವಲ್ಪ ಸಡಿಲಿಸಿ ಹಲಗೆಗೂ ಗೋಡೆಗೂ ನಡುವೆ ನೀರು ಇಳಿಯಬಿಡಿ. ಹಾರುಬೂದಿ ಇರುವುದರಿಂದ ಒಟ್ಟು ಹದಿನಾಲ್ಕು ದಿನ. ಒಳಗಿನಿಂದಲೇ ನೀರು ಕೊಡುವ ದಾರಿಯೂ ಇದೆ: ಮೊದಲೇ ನೆನೆಸಿದ ಹಗುರ ಅಗ್ರಿಗೇಟ್ ಸೇರಿಸಿದರೆ ಅದು ಹಿಡಿದಿಟ್ಟ ನೀರನ್ನು ಬೇಕಾದಾಗ ಬಿಡುತ್ತದೆ. ಕೆ.ಜಿ. ಬೈಂಡರಿಗೆ 0.07 ಕೆ.ಜಿ. ನೀರಿನ ಲೆಕ್ಕ, ನಿಮ್ಮ ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು 34 ಲೀಟರ್. ಗೋಡೆಯನ್ನು 5–6 ಮೀಟರಿನ ತುಂಡುಗಳಲ್ಲಿ ಸುರಿಯಿರಿ. ಅಡ್ಡ ಕಂಬಿಗೆ ಕೋಡಿನ ಕನಿಷ್ಠ 0.2% ಇಂಥ ಬಿರುಕಿಗೆ ಸಾಲದು. ತೆಳು ಕಂಬಿಯನ್ನು ಹತ್ತಿರ ಹತ್ತಿರ, ಎರಡು ಮುಖಕ್ಕೂ ಕಟ್ಟಿ.

ಈಗಿನ ಬಿರುಕುಗಳನ್ನು ಅವಸರದಲ್ಲಿ ತುಂಬಬೇಡಿ, ಅಗಲವಾಗುವುದು ನಿಲ್ಲಲಿ. ಮಣ್ಣು, ತೇವ ತಾಗುವ ಕಡೆ 0.2 ಮಿ.ಮೀ. ಮೀರಿದ್ದನ್ನು ಇಂಜೆಕ್ಷನ್ ಮಾಡಿಸಿ.

ಪ್ರಶ್ನೆ: ಹೈ ಪರ್ಫಾರ್ಮೆನ್ಸ್ ಕಾಂಕ್ರೀಟಿನಲ್ಲಿ ಕ್ರೀಪ್ ಕಡಿಮೆ ಎಂದು ಓದಿದೆ. ಐದು ವರ್ಷದ ಮೇಲೆ ಕ್ರೀಪ್ ನಿಲ್ಲುತ್ತದೆ ಎಂಬುದು ನಿಜವೇ? ಪ್ರಾಜೆಕ್ಟಿಗೆ ಪ್ರಯೋಗ ಮಾಡಬೇಕೆಂದಿದ್ದೇವೆ.
– ಸಿವಿಲ್ ವಿದ್ಯಾರ್ಥಿಗಳು, ಪೊನ್ನಂಪೇಟೆ

ಉತ್ತರ: ಮೊದಲನೆಯದು ನಿಜ. ಒಂದೇ ಒತ್ತಡಕ್ಕೆ ಹೋಲಿಸಿದರೆ ಕ್ರೀಪ್ ಸ್ಪಷ್ಟವಾಗಿ ಕಡಿಮೆ. ಒಣಗುವಿಕೆಯಿಂದ ಕೂಡುವ ಪಾಲು ಇದರಲ್ಲಿ ಚಿಕ್ಕದು, ಏಕೆಂದರೆ ಹೊರಹೋಗುವ ನೀರೇ ಕಡಿಮೆ. ಆದರೆ ಹೆಚ್ಚು ಬಲವಿದೆಯೆಂದು ವಿನ್ಯಾಸಗಾರರು ಅಡ್ಡಕೊಯ್ತವನ್ನು ಸಣ್ಣದು ಮಾಡಿ ಒತ್ತಡ ಹೆಚ್ಚಿಸುತ್ತಾರೆ. ಅಲ್ಲಿಗೆ ಲಾಭದ ಒಂದಿಷ್ಟು ಪಾಲು ಹೋಯಿತು.

ಎರಡನೆಯದು ಹಳೆಯ ನಂಬಿಕೆ. ಇಪ್ಪತ್ತು ವರ್ಷದ ಕ್ರೀಪಿನಲ್ಲಿ ಸುಮಾರು ಕಾಲು ಭಾಗ ಎರಡು ವಾರದಲ್ಲಿ, ಅರ್ಧ ಮೂರು ತಿಂಗಳಲ್ಲಿ, ಮುಕ್ಕಾಲು ಒಂದು ವರ್ಷದಲ್ಲಿ ಆಗುತ್ತದೆ. ಉಳಿದದ್ದು ತೆವಳುತ್ತಲೇ ಇರುತ್ತದೆ. ಪೆಸಿಫಿಕ್ ಸಾಗರದ ಪಲಾವು ದೇಶದಲ್ಲಿ 1977ರಲ್ಲಿ ಕಟ್ಟಿದ ಕೊರೋರ್–ಬಾಬೆಲ್ದಾಬ್ ಸೇತುವೆಯ ನಡುಗಣ್ಣು 241 ಮೀಟರ್. ಹದಿನೆಂಟು ವರ್ಷ ಕಳೆಯುವಷ್ಟರಲ್ಲಿ ಅದರ ನಡು ಒಂದೂವರೆ ಮೀಟರಿಗೂ ಹೆಚ್ಚು ತಗ್ಗಿತ್ತು, ವಿನ್ಯಾಸದಲ್ಲಿ ಹಿಡಿದದ್ದಕ್ಕಿಂತ ಎಷ್ಟೋ ಹೆಚ್ಚು. ದುರಸ್ತಿಯಾಗಿ ಕೆಲವೇ ತಿಂಗಳಲ್ಲಿ, 1996ರಲ್ಲಿ, ಕುಸಿಯಿತು. ಕುಸಿತಕ್ಕೆ ಕ್ರೀಪೊಂದೇ ಕಾರಣವೆನ್ನುವ ಹಾಗಿಲ್ಲ, ತಗ್ಗಿದ್ದಕ್ಕೆ ಮಾತ್ರ ಕ್ರೀಪೂ ಪ್ರಿಸ್ಟ್ರೆಸ್ (ಒಳಗಿನ ಕೇಬಲ್ ಎಳೆದು ಕಾಂಕ್ರೀಟನ್ನು ಒತ್ತಿಹಿಡಿದ ಬಲ) ನಷ್ಟವೂ ಕಾರಣ. ಇದಕ್ಕೂ ಬಹಳ ಮೊದಲು, 1910ರ ಆಸುಪಾಸಿನಲ್ಲಿ, ಫ್ರಾನ್ಸಿನ ಎಂಜಿನಿಯರ್ ಫ್ರೆಸಿನೇ ತಾನು ಅಲಿಯೇ ನದಿಗೆ ಕಟ್ಟಿದ ಕಮಾನು ಸೇತುವೆಯ ನೆತ್ತಿ ಇಳಿಯುತ್ತಿರುವುದನ್ನು ಕಂಡು ಜಾಕಿ ಇಟ್ಟು ಎತ್ತಿದ್ದ. 1928ರಲ್ಲಿ ಪ್ರಿಸ್ಟ್ರೆಸಿಂಗ್ ಪೇಟೆಂಟ್ ಪಡೆಯುವ ಹೊತ್ತಿಗೆ, ಗಟ್ಟಿ ಕಾಂಕ್ರೀಟು ಮತ್ತು ಹೆಚ್ಚು ಬಲದ ಉಕ್ಕು ಬೇಕೇಬೇಕು, ಇಲ್ಲದಿದ್ದರೆ ಎಳೆದ ಬಲವನ್ನೆಲ್ಲ ಕ್ರೀಪು, ಕುಗ್ಗುವಿಕೆ ನುಂಗಿಬಿಡುತ್ತವೆ ಎಂಬುದು ಅವನಿಗೆ ಖಚಿತವಾಗಿತ್ತು.

ಪ್ರಯೋಗಕ್ಕೆ ಅಮೆರಿಕದ ಪ್ರಮಾಣಿತ ಕ್ರೀಪ್ ಪರೀಕ್ಷೆಯಾದ ಎಎಸ್‌ಟಿಎಂ ಸಿ512 ಕ್ರಮ ಹಿಡಿಯಿರಿ. 150×300 ಮಿ.ಮೀ. ಸಿಲಿಂಡರು, ಸ್ಪ್ರಿಂಗ್ ಇರುವ ಚೌಕಟ್ಟು, ಅಂದಿನ ಬಲದ 40% ಮೀರದ ಒತ್ತಡ. ಅದನ್ನು ಮೀರಿದರೆ ಒಳಗೆ ಸೂಕ್ಷ್ಮ ಬಿರುಕು ಬೆಳೆದು ಕ್ರೀಪು ಒತ್ತಡದ ಅನುಪಾತ ಬಿಟ್ಟು ಏರುತ್ತದೆ. ಭಾರ ಹೊರಿಸಿದ ಕೂಡಲೇ ಒಂದು ಅಳತೆ, ಕೆಲವು ಗಂಟೆಗಳ ಮೇಲೆ ಒಂದು, ಮೊದಲ ವಾರ ದಿನವೂ, ತಿಂಗಳವರೆಗೆ ವಾರಕ್ಕೊಮ್ಮೆ, ವರ್ಷದವರೆಗೆ ತಿಂಗಳಿಗೊಮ್ಮೆ. ಪಕ್ಕದಲ್ಲಿ ಭಾರವಿಲ್ಲದ ಸಿಲಿಂಡರುಗಳನ್ನಿಟ್ಟು ಅವುಗಳ ಕುಗ್ಗುವಿಕೆಯನ್ನು ಕಳೆಯಬೇಕು. ನಿಮ್ಮ ಮಿಶ್ರಣಕ್ಕೆ ಗಾಳಿಯಾಡದಂತೆ ಸುತ್ತಿದ ಒಂದು ಜೊತೆಯೂ ಇರಲಿ, ಆಟೋಜೀನಸ್ ಪಾಲು ಎಷ್ಟೆಂದು ಅದೇ ಹೇಳುತ್ತದೆ. ಪ್ರಾಜೆಕ್ಟುಗಳು ಕೆಡುವುದು ಎರಡು ಕಡೆ. ಕಾಂಕ್ರೀಟು ಕುಗ್ಗಿದಂತೆ ಸ್ಪ್ರಿಂಗ್ ಸಡಿಲಾಗಿ ಭಾರ ಇಳಿಯುತ್ತದೆ, ಯಾರೂ ಮತ್ತೆ ಬಿಗಿಮಾಡುವುದಿಲ್ಲ. ಕೋಣೆಯ ತೇವ ಬೇಸಿಗೆಗೂ ಮಳೆಗಾಲಕ್ಕೂ ಬದಲಾಗುತ್ತದೆ. ಪ್ರಮಾಣಿತ ಪ್ರಯೋಗಕ್ಕೆ 23 ಡಿಗ್ರಿ, 50% ತೇವ. ಜುಲೈಯಲ್ಲಿ ಕಿಟಕಿ ತೆರೆದಿಟ್ಟು ಪಡೆದ ಅಂಕಿಯನ್ನು ಪುಸ್ತಕದ್ದಕ್ಕೆ ಹೋಲಿಸಬೇಡಿ.

ಪ್ರಶ್ನೆ: ಕಾಫಿ ಒಣಗಿಸುವ ಕಣಕ್ಕೆ ಎಂ40 ಹಾಕಿದರೆ ಬಿರುಕು ಬರುವುದಿಲ್ಲವೇ?
– ಬೆಳೆಗಾರರು, ಕುಶಾಲನಗರ

ಉತ್ತರ: ಹೆಚ್ಚೇ ಬರಬಹುದು. ಸಿಮೆಂಟ್ ಹೆಚ್ಚಾದಷ್ಟೂ ಕುಗ್ಗುವಿಕೆ ಹೆಚ್ಚು. ಮೇಲ್ಮೈ ಬಿಸಿಲಿಗೆ ಒಣಗಿ, ಅಡಿ ತೇವವಾಗಿಯೇ ಉಳಿದು ಮೂಲೆಗಳು ಮೇಲೇಳುತ್ತವೆ. ಎಂ25 ಸಾಕು. 100 ಮಿ.ಮೀ. ದಪ್ಪಕ್ಕೆ ಎರಡೂವರೆಯಿಂದ ಮೂರು ಮೀಟರಿನ ಚೌಕ ಮಾಡಿ, ಅದೇ ದಿನ ಅಥವಾ ಮಾರನೇ ಬೆಳಗ್ಗೆಯೊಳಗೆ ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಕಟ್ಟರಿನಲ್ಲಿ ಗೆರೆ ಕೊಯ್ಯಿಸಿ. ತಡವಾದರೆ ಬಿರುಕು ತನ್ನ ಗೆರೆಯನ್ನು ತಾನೇ ಎಳೆದಿರುತ್ತದೆ. ಹತ್ತು ದಿನ ಬದು ಕಟ್ಟಿ ನೀರು ನಿಲ್ಲಿಸಿ.

ಪ್ರಶ್ನೆ: ನಮ್ಮೂರ ಹೊಸ ಸೇತುವೆಯಲ್ಲಿ 30 ಮೀಟರಿನ ಪ್ರಿಸ್ಟ್ರೆಸ್ಡ್ ಗರ್ಡರುಗಳಿವೆ. ಜಾಯಿಂಟಿನ ಸಂದು ಎರಡು ವರ್ಷದಲ್ಲಿ ಬೆರಳಗಲ ಹೆಚ್ಚಿದೆ. 2018ರ ಭೂಕುಸಿತ ಕಂಡ ನಮಗೆ ಭಯ. ಗುಡ್ಡ ಸರಿಯುತ್ತಿದೆಯೇ?
– ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಸಂದು ಅಗಲವಾಗುವುದು ಹೆಚ್ಚಾಗಿ ಗರ್ಡರ್ ಗಿಡ್ಡವಾದ ಗುರುತು. ಒಳಗಿನ ಕೇಬಲ್ಲುಗಳು ಅದನ್ನು ಸದಾ ಒತ್ತುತ್ತಿರುತ್ತವೆ. ಸರಾಸರಿ ಒತ್ತಡ 10 ನ್ಯೂಟನ್/ಚ.ಮಿ.ಮೀ., ಬಿಗಿ 35,000, ಗುಣಾಂಕ 1.6 ಎಂದು ಹಿಡಿದರೆ ಕ್ರೀಪಿನಿಂದ ದಶಲಕ್ಷಕ್ಕೆ ಸುಮಾರು 460, ಕುಗ್ಗುವಿಕೆಯಿಂದ 300. ಎರಡೂ ಸೇರಿ 30 ಮೀಟರಿಗೆ 22–23 ಮಿ.ಮೀ. ಇದರಲ್ಲಿ ಜಾಯಿಂಟ್ ಕೂರಿಸುವ ಮೊದಲೇ ಆಗಿಹೋದದ್ದನ್ನು ಕಳೆಯಬೇಕು. ಗರ್ಡರ್ ಇನ್ನೂ ಎಳೆಯದಾಗಿದ್ದಾಗಲೇ ತಂದು ಕೂರಿಸಿ ಅವಸರದಲ್ಲಿ ಜಾಯಿಂಟ್ ಹಾಕಿದ್ದರೆ ಉಳಿದ ಗಿಡ್ಡವೆಲ್ಲ ಸಂದಿನಲ್ಲೇ ಕಾಣುತ್ತದೆ. ಬಿಸಿಲು ಚಳಿಗೆ 10 ಡಿಗ್ರಿಗೆ 3 ಮಿ.ಮೀ.ನಷ್ಟು ಹಿಗ್ಗಿ ಕುಗ್ಗುವುದು ಬೇರೆ.

ಭಯಪಡಬೇಕಾದ ಲಕ್ಷಣಗಳು ಬೇರೆಯೇ: ಸಂದು ಅಗಲವಾಗುವ ಬದಲು ಮುಚ್ಚಿಕೊಳ್ಳುವುದು, ಒಂದು ಬದಿ ಅಗಲವಾಗಿ ಇನ್ನೊಂದು ಬದಿ ಕಿರಿದಾಗುವುದು, ಎರಡು ಕಡೆಯ ರಸ್ತೆ ಮಟ್ಟದಲ್ಲಿ ಏರುಪೇರು, ಬೇರಿಂಗ್ ಒಂದೇ ದಿಕ್ಕಿಗೆ ವಾಲಿ ನಿಲ್ಲುವುದು, ದಡದ ಗೋಡೆಯ ಹಿಂದೆ ನೆಲ ಬಾಯಿಬಿಡುವುದು. ಇವುಗಳಲ್ಲಿ ಒಂದು ಕಂಡರೂ ಮಳೆ ಶುರುವಾಗುವ ಮೊದಲೇ ರಸ್ತೆಯ ಹೊಣೆಯಿರುವ ಇಲಾಖೆಯ ಎಂಜಿನಿಯರಿಗೆ ಫೋಟೋ ಸಮೇತ ಬರೆದುಕೊಡಿ. ಫೋಟೋದಲ್ಲಿ ಸಂದಿನ ಪಕ್ಕ ಸ್ಕೇಲ್ ಇರಲಿ, ತಾರೀಕು, ಹೊತ್ತು ಬರೆದಿರಲಿ.